ತಳದ ಪಟ್ಟಿ

ಹೊಲಿಗೆ ಯಂತ್ರದ ಕೆಳಗೆ ಮಂಡಿಯೂರಿ ಕತ್ತರಿಗಾಗಿ ತಡಕಾಡುತ್ತಿದ್ದ ಫರ್ಹೀನಳ ಕೈಗೆ ಕತ್ತರಿಗಿಂತ ಮೊದಲು ಸಿಕ್ಕಿದ್ದು ಸುರುಳಿ ಸುತ್ತಿದ ಒಂದು ಪಟ್ಟಿ.

ಹೊರಗೆ ಅಂಗಳದಲ್ಲಿ ಅವಳ ತಂದೆ ಹಿದಾಯತ್ ಉಲ್ಲಾ ಅವರ ಮೈ ತೊಳೆಯಲು ನೀರು ಕಾಯುತ್ತಿತ್ತು. ಬೆಳಗಿನ ನಮಾಜಿಗೆ ಎಬ್ಬಿಸಲು ಹೋದ ಅಮ್ಮಿ, ಹಾಸಿಗೆಯ ಅಂಚಿನಲ್ಲಿ ಕೂತವಳು ಕೂತಲ್ಲೇ ಉಳಿದುಬಿಟ್ಟಿದ್ದಳು. ಅಬ್ಬಾಗೆ ಎಪ್ಪತ್ತೊಂದು ವಯಸ್ಸು. ನಿದ್ದೆಯಲ್ಲೇ ಹೋಗಿದ್ದರು. ಮಧ್ಯಾಹ್ನದ ನಮಾಜಾದ ಮೇಲೆ ಮಣ್ಣು ಎಂದು ಮಸೀದಿಯ ಮೈಕಿನಲ್ಲಿ ಸಾರಿಯಾಗಿತ್ತು. ಗುಂಡ್ಲುಪೇಟೆಯ ಅರ್ಧ ಊರು ಆಗಲೇ ಅಂಗಳದಲ್ಲಿತ್ತು.

"ಆಪಾ, ಕತ್ತರಿ ಸಿಕ್ತಾ? ಕಫನ್ ಬಟ್ಟೆ ಹಿಡಿದುಕೊಂಡು ಕಾಯ್ತಿದಾರೆ," ಎಂದು ಬಾಗಿಲಾಚೆಯಿಂದ ತಮ್ಮ ಯಾಸಿರ್ ಕೇಳಿದ.

"ಬಂದೆ," ಎಂದಳು ಫರ್ಹೀನ್. ಆದರೆ ಏಳಲಿಲ್ಲ. ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ಬೆರಳಗಲದ ಕಪ್ಪು ನೈಲಾನ್ ಪಟ್ಟಿ, ಮೂರು ಮೀಟರು. ತುದಿಯಲ್ಲಿ ಸೀಮೆಸುಣ್ಣದಲ್ಲಿ ಬರೆದ ಒಂದೇ ಅಕ್ಷರ, ಅವಳದೇ ಕೈಬರಹ: ಬೀ.

ಬೀ ಅಂದರೆ ಬೀರಯ್ಯ. ಹೋದ ಸೋಮವಾರ ಬೆಳಿಗ್ಗೆ ಅವಳೇ ಅಳೆದು ಕತ್ತರಿಸಿ, ತುದಿಯನ್ನು ಮೇಣದ ಬತ್ತಿಗೆ ಹಿಡಿದು ಸುಟ್ಟು, ಅಬ್ಬಾನ ಮುಂದೆ ಇಟ್ಟು ಹೋಗಿದ್ದ ಪಟ್ಟಿ. ಅದು ಇಷ್ಟು ಹೊತ್ತಿಗೆ ಬೀರಯ್ಯನ ಮೊಮ್ಮಗಳಿಗಾಗಿ ಮಾಡಿದ ಕೈತೊಟ್ಟಿಲಿನ ತಳದಲ್ಲಿರಬೇಕಿತ್ತು.

ಆ ಮನೆಯಲ್ಲಿ ಕೈತೊಟ್ಟಿಲು ಎಂದರೆ ಹಸುಗೂಸನ್ನು ಮಲಗಿಸಿಕೊಂಡು ಕೈಯಲ್ಲಿ ಹಿಡಿದು ಹೋಗುವಂಥದ್ದು. ತಳಕ್ಕೆ ಪ್ಲೈವುಡ್, ಸುತ್ತ ಸ್ಪಂಜಿನ ಗೋಡೆ, ಮೇಲೆ ಮೆತ್ತನೆಯ ಹತ್ತಿ ಬಟ್ಟೆ, ತಲೆಯ ಕಡೆ ಮಡಿಚುವ ಹುಡ್ಡು. ನೋಡುವವರ ಕಣ್ಣಿಗೆ ಬೀಳುವುದು ಬಟ್ಟೆ ಮಾತ್ರ. ಭಾರ ಹೊರುವುದು ಒಳಗಿನ ಪಟ್ಟಿ. ಅದು ಒಂದು ಹಿಡಿಯಿಂದ ಇಳಿದು, ಪ್ಲೈವುಡ್ಡಿನ ಅಡಿಯಲ್ಲಿ ಹಾದು, ಇನ್ನೊಂದು ಹಿಡಿಗೆ ಏರಿ, ಸುತ್ತಿ ಬಂದು ಸೇರುತ್ತದೆ. ಅದಿಲ್ಲದಿದ್ದರೆ ಹಿಡಿಗಳು ಬರೀ ಬಟ್ಟೆಗೆ ಅಂಟಿಕೊಂಡಿರುತ್ತವೆ. ಒಂದು ದಿನ ತಡೆಯಬಹುದು, ಎರಡು ದಿನ ತಡೆಯಬಹುದು. ಹೊಲಿಗೆ ಎಲ್ಲಿ ಬಿಡುತ್ತದೆ ಎಂದು ಮಾತ್ರ ಹೇಳಲು ಬರುವುದಿಲ್ಲ.

ಕತ್ತರಿ ಎಂದಿನಂತೆ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ಯಾಸಿರನ ಕೈಗೆ ಕೊಟ್ಟು, ಬಾಗಿಲು ಮುಂದೆ ಮಾಡಿ, ಬೀರಯ್ಯನ ನಂಬರಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಮತ್ತೆ ಹಾಗೇ. ಫೋನ್ ಕೆಳಗಿಟ್ಟು ಯಾಸಿರನನ್ನು ಕರೆದಳು.

*

ಬೀರಯ್ಯ ಬೇಗೂರಿನವನು. ಅವನಿಗೂ ಈ ಮನೆಗೂ ನಂಟು ಬೆಳೆದದ್ದು ಬಸ್ಸಿನಲ್ಲಿ, ಫರ್ಹೀನ್ ಹುಟ್ಟಿ ಇಪ್ಪತ್ತು ದಿನವಾಗಿದ್ದಾಗ.

ಆಗ ಹಿದಾಯತ್ ಉಲ್ಲಾ ಊಟಿ ರಸ್ತೆಯಲ್ಲಿ ಜೀಪು ಲಾರಿಗಳಿಗೆ ಸೀಟು, ಹುಡ್ಡು ಹೊಲಿದುಕೊಂಡಿದ್ದರು. ಹೆಂಡತಿ ಸಾಬೀರಾಗೆ ಎಂಟು ತಿಂಗಳಿಗೇ ಹೆರಿಗೆಯಾಯಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಕೂಸು ಅಂಗೈಯಗಲ ಇತ್ತು. ಮನೆಗೆ ಕಳಿಸುವ ದಿನ ನರ್ಸಮ್ಮ, ಬಸ್ಸಿನಲ್ಲಿ ಬೆನ್ನು ಬಾಗಿಸಬೇಡಿ, ಬೆಚ್ಚಗೆ ಚಪ್ಪಟೆಯಾಗಿ ಮಲಗಿಸಿಕೊಂಡು ಹೋಗಿ ಅಂದರು. ಬಸ್ಸಿನಲ್ಲಿ ಅದು ಹೇಗೆ ಎಂದು ಅವರು ಹೇಳಲಿಲ್ಲ. ಹಿದಾಯತ್ ಉಲ್ಲಾ ಚೆಂಡುಹೂವು ತುಂಬುವ ಬಿದಿರಿನ ಬುಟ್ಟಿಯೊಂದನ್ನು ತಂದು, ಒಳಗೆ ಲಾರಿ ಸೀಟಿನ ಸ್ಪಂಜು ಹಾಸಿ, ಸಾಬೀರಾಳ ಹಳೇ ಸೀರೆಯನ್ನು ಸುತ್ತ ಹೊಲಿದು, ಅದೇ ಬಟ್ಟೆಗೆ ಎರಡು ಹಿಡಿ ಕೊಟ್ಟರು. ಆಸ್ಪತ್ರೆಯ ಮೆಟ್ಟಿಲ ಮೇಲೆ ಎಲ್ಲರೂ ನಿಂತು ನೋಡಿದರಂತೆ.

ಬಸ್ಸು ತುಂಬಿ ತುಳುಕುತ್ತಿತ್ತು. ತೆರಕಣಾಂಬಿ ದಾಟಿದ ಮೇಲೆ ಒಂದು ಹಳ್ಳಕ್ಕೆ ಚಕ್ರ ಇಳಿದು ಎದ್ದಾಗ, ಒಂದು ಕಡೆಯ ಹಿಡಿ ಬಟ್ಟೆಯನ್ನು ಹರಿದುಕೊಂಡು ಬಂತು. ಬುಟ್ಟಿ ವಾಲಿತು. ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದ ಕುಳ್ಳನೆಯ ಹುಡುಗನೊಬ್ಬ ಕಂಬ ಬಿಟ್ಟು ಬಗ್ಗಿ ಎರಡೂ ಅಂಗೈಯನ್ನು ಬುಟ್ಟಿಯ ತಳಕ್ಕೆ ಕೊಟ್ಟ. ಮೊಣಕಾಲನ್ನು ಸೀಟಿಗೆ ಊರಿ, ಗುಂಡ್ಲುಪೇಟೆ ಬರುವ ತನಕ ಹಾಗೇ ನಿಂತ. ಅವನೇ ಬೀರಯ್ಯ.

ಮಾರನೆಯ ದಿನ ಹಿದಾಯತ್ ಉಲ್ಲಾ ಕೆಲಸಕ್ಕೆ ಹೋಗಲಿಲ್ಲ. ಬುಟ್ಟಿ ಬಿಚ್ಚಿಕೊಂಡು ಕೂತರು. ಬಟ್ಟೆಯ ಮೇಲೆ ಭಾರ ಹಾಕಿದ್ದು ತಪ್ಪು, ಆ ಹುಡುಗ ಕೈ ಕೊಟ್ಟನಲ್ಲ, ಅಲ್ಲಿಂದ ಎತ್ತಬೇಕು ಎಂದು ಜೀಪಿಗೆ ಬಳಸುವ ಪಟ್ಟಿಯನ್ನು ತಳದಡಿಯಲ್ಲಿ ಹಾಯಿಸಿದರು. ಅದನ್ನು ನೋಡಿದ ನರ್ಸಮ್ಮ ತನ್ನ ತಂಗಿಗೊಂದು ಮಾಡಿಸಿಕೊಂಡಳು. ಅಲ್ಲಿಂದ ಶುರು. ಬುಟ್ಟಿ ಹೋಗಿ ಪ್ಲೈವುಡ್ ಬಂತು, ಜೀಪಿನ ಹುಡ್ಡಿನ ಮಾದರಿಯಲ್ಲಿ ಮಡಿಚುವ ಹುಡ್ಡು ಬಂತು, ಒಗೆಯಲು ಬಿಚ್ಚಿಕೊಳ್ಳುವ ಹಾಗೆ ಜಿಪ್ ಬಂತು. ಮೈಸೂರಿಗೆ, ಊಟಿಗೆ, ಮದ್ದೂರಿನ ಕಾಡು ದಾಟಿ ಕೇರಳಕ್ಕೂ ಹೋದವು. ಪಟ್ಟಿ ಮಾತ್ರ ಅಂದು ಹಾಯಿಸಿದ ಹಾಗೇ ಉಳಿಯಿತು. ಹೊಲಿದ ಪ್ರತಿಯೊಂದನ್ನೂ ಹದಿನೈದು ಸೇರು ರಾಗಿ ಹಾಕಿ ಒಂದು ದಿನ ಕೊಕ್ಕೆಗೆ ನೇತುಹಾಕದೆ ಹಿದಾಯತ್ ಉಲ್ಲಾ ಹೊರಗೆ ಕಳಿಸುತ್ತಿರಲಿಲ್ಲ.

*

"ನಿಂಗೆ ಖಾತ್ರಿನಾ?" ಎಂದು ಯಾಸಿರ್ ಕೇಳಿದ. ಅಕ್ಕ ಕರೆದಳೆಂದು ಒಳಗೆ ಬಂದವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಊರಲ್ಲಿ ಟೈರಿನ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ಈ ಕೆಲಸದ ಗೊಡವೆ ಇರಲಿಲ್ಲ. ಆದರೆ ಪಟ್ಟಿ ಏನೆಂದು ಆ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಾಗಿರಲಿಲ್ಲ.

"ನಾನೇ ಬರೆದಿದ್ದು. ಬೇರೆ ಪಟ್ಟಿ ಕತ್ತರಿಸೋಕೆ ರೋಲೇ ಇರಲಿಲ್ಲ, ಮುಗಿದಿತ್ತು."

ಯಾಸಿರ್ ಬೆನ್ನಿನಿಂದಲೇ ಬಾಗಿಲನ್ನು ಒತ್ತಿ ಮುಚ್ಚಿದ. ಅಂಗಳದಿಂದ ನೀರು ಸುರಿಯುವ ಸದ್ದು ಬಂತು.

"ಇವತ್ತು ಇದನ್ನ ಯಾರ ಹತ್ರಾನೂ ಎತ್ತಬೇಡ," ಎಂದ. "ಮಣ್ಣಾಗಲಿ. ಸಾಯಂಕಾಲ ನಾನೇ ಬೈಕಲ್ಲಿ ಬೇಗೂರಿಗೆ ಹೋಗಿ ತರ್ತೀನಿ. ಜಿಪ್ ಸರಿಯಿಲ್ಲ, ಬದಲಾಯಿಸಬೇಕು ಅಂತ ಏನೋ ಒಂದು ಹೇಳ್ತೀನಿ."

"ಅಷ್ಟರೊಳಗೆ ಮಗೂನ ಅದರಲ್ಲಿ ಹಾಕ್ಕೊಂಡು ಹೊರಟಿದ್ರೆ?"

"ಹೊರಟಿರಲ್ಲ. ಆಸ್ಪತ್ರೆಯಿಂದ ಇನ್ನೂ ಬಿಟ್ಟಿರಲ್ಲ. ನೀನು ಸುಮ್ನೆ ಹೆದರ್ತೀಯ." ಅವನ ದನಿ ತಗ್ಗಿತು. "ಹೊರಗೆ ಎಲ್ಲರೂ ಏನು ಮಾತಾಡ್ತಿದಾರೆ ಕೇಳಿಸ್ಕೋ. ನಲವತ್ತು ವರ್ಷ ಒಂದು ಹಿಡಿ ಕಿತ್ತು ಬಂದಿಲ್ಲ ಅಂತಿದಾರೆ. ಅವರ ಮೈ ಇನ್ನೂ ಒದ್ದೆ ಇದೆ, ಆಪಾ."

ಫರ್ಹೀನ್ ತಲೆ ಆಡಿಸಿದಳು. ಸಾಯಂಕಾಲ ಎಂದರೆ ಸಾಯಂಕಾಲ. ಹಾಗೆಂದು ತನಗೆ ತಾನೇ ಹೇಳಿಕೊಂಡು ಹೊರಗೆ ಬಂದು ಹೆಂಗಸರ ನಡುವೆ ಕೂತಳು.

ಹನ್ನೆರಡು ಗಂಟೆಯ ಹೊತ್ತಿಗೆ ಬೀರಯ್ಯ ಬಂದ. ತಲೆಗೆ ಟವೆಲ್ಲು ಸುತ್ತಿದ್ದ, ಕೈಯಲ್ಲಿ ಗುಲಾಬಿಯ ಹಾರ. ಸ್ನಾನ ಮುಗಿಸಿ ಬಿಳಿ ಬಟ್ಟೆ ಸುತ್ತುತ್ತಿದ್ದವರು ಅವನಿಗೆ ದಾರಿ ಬಿಟ್ಟರು. ಅವನು ಹಾರವನ್ನು ಯಾರಿಗೋ ಕೊಟ್ಟು, ಸ್ನೇಹಿತನ ಕಾಲ ಬಳಿ ಕುಕ್ಕರಗಾಲಲ್ಲಿ ಕೂತ.

"ಇಂಗ್ ಮಾಡ್ಬುಟ್ಟೆಲ್ಲ ಸಾಯಬ್ರೇ," ಎಂದ, ಎದುರಿಗೆ ಕೂತು ಮಾತಾಡುವವನ ಹಾಗೆ. "ಕೂಸ್ನ ತಕ್ಕಬಂದು ನಿಂಗ್ ತೋರುಸ್ತೀನಿ ಅಂದಿದ್ದೆ. ನಾಕ್ ದಿನ ತಡೀಬಾರ್ದಾ."

ಪಕ್ಕದವರು ಅವನ ಹೆಗಲ ಮೇಲೆ ಕೈ ಇಟ್ಟರು. ಅವನು ಕಣ್ಣು ಒರೆಸಿಕೊಂಡು, ಕೇಳಿದವರಿಗೂ ಕೇಳದವರಿಗೂ ಹಳೇ ಬಸ್ಸಿನ ಕತೆ ಹೇಳತೊಡಗಿದ. "ಈ ಮನ್ಸನ್ ತೊಟ್ಲು ಕೈ ಬುಟ್ಟಿದ್ದು ಅದೊಂದೇಯ. ಆಮ್ಯಾಕೆ ನಮ್ಮನೇಲಿ ಆರು ಮಕ್ಳು ಇವ್ರ್ ತೊಟ್ಲಲ್ಲೇ ಬಂದೊ. ಇವತ್ತು ಏಳ್ನೇದು ಬತ್ತಾ ಅದೆ."

ಫರ್ಹೀನ್ ಎದ್ದು ನಿಂತಳು. ಗಂಡಸರ ಕಡೆಗೆ ಹೋಗಬಾರದೆಂಬುದು ಮರೆತೇ ಹೋಯಿತು.

"ಇವತ್ತು ಬರ್ತಿದೆ ಅಂದ್ರೆ ಹೇಗೆ ಚಾಚಾ? ಡಿಸ್ಚಾರ್ಜ್ ಆಯ್ತಾ?"

"ಬೆಳಗ್ಗೆನೇ ಬುಟ್ರು ಕಣಮ್ಮಿ. ನಾನು ಸುದ್ದಿ ಕೇಳಿ ಒಬ್ನೇ ಮೊದ್ಲು ಓಡ್ಬಂದೆ. ಗುರುಮಲ್ಲಮ್ಮನೂ ಮಗ್ಳು ಶಿವರಂಜಿನಿನೂ ಚಾಮರಾಜ್ನಗರದಿಂದ ಹನ್ನೆರಡರ ಬಸ್ಗೆ ಕೂಸ್ನ ತಕ್ಕಬತ್ತಾವ್ರೆ. ಇಲ್ಲಿ ಇಳ್ದು ಬೇಗೂರ್ ಬಸ್ ಇಡೀಬೇಕು."

"ತೊಟ್ಟಿಲಲ್ಲಾ?"

"ಇನ್ನೇನ್ ಬುಟ್ಟೀಲಾ?" ಎಂದ ಬೀರಯ್ಯ. ಅಂಗಳದಲ್ಲಿ ಒಂದಿಬ್ಬರು ದುಃಖದ ನಡುವೆಯೂ ಸಣ್ಣಗೆ ನಕ್ಕರು.

ಯಾಸಿರ್ ದೂರದಿಂದಲೇ ಅಕ್ಕನನ್ನು ನೋಡಿ, ಬೇಡ ಎಂದು ಕಣ್ಣಿನಲ್ಲೇ ಹೇಳಿದ.

*

ಆರು ತಿಂಗಳಿಂದ ಹಿದಾಯತ್ ಉಲ್ಲಾ ಅವರ ಕೈ ನಡುಗುತ್ತಿತ್ತು. ಜೊತೆಗೆ ಮರೆವು. ಮೊದಲು ಮರೆತದ್ದು ಗಿರಾಕಿಗಳ ಹೆಸರು, ಆಮೇಲೆ ಊಟ ಮಾಡಿದ್ದು. ಎರಡು ಬೀದಿಯಾಚೆ ಗಂಡನ ಮನೆಯಲ್ಲಿದ್ದ ಫರ್ಹೀನ್ ದಿನಾ ಬೆಳಿಗ್ಗೆ ಬಂದು ಕೆಲಸವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು. ಅಪ್ಪನಿಗೆ ಗುಂಡಿ ಹಚ್ಚುವುದು, ದಾರ ಕತ್ತರಿಸುವುದು ಇಂಥವನ್ನು ಬಿಟ್ಟಳು. ಅವರು ಜಗಳವಾಡಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಗಿದ್ದು.

ಬೀರಯ್ಯ ಮೊಮ್ಮಗುವಿಗೆ ತೊಟ್ಟಿಲು ಬೇಕೆಂದು ಬಂದಾಗ ಮಾತ್ರ ಹಟ ಹಿಡಿದರು. "ಇದು ನನ್ನ ಕೈಯದು," ಅಂದರು. ಹಳದಿ ಬಟ್ಟೆ ಅವರೇ ಆರಿಸಿದರು, ಸಣ್ಣ ಸಣ್ಣ ಆನೆಗಳಿರುವುದು. ಸೋಮವಾರ ಫರ್ಹೀನ್ ಮೂರು ತೊಟ್ಟಿಲುಗಳನ್ನು ಚಾಮರಾಜನಗರದ ಅಂಗಡಿಗೆ ತಲುಪಿಸಲು ಹೋಗಬೇಕಿತ್ತು. ಎಲ್ಲವನ್ನೂ ಕತ್ತರಿಸಿ, ಜೋಡಿಸಿ, ಸಾಲಾಗಿ ಇಟ್ಟು ಹೋದಳು. ಸ್ಪಂಜು, ಬಟ್ಟೆ, ಪ್ಲೈವುಡ್, ಪಟ್ಟಿ.

ಸಂಜೆ ವಾಪಸು ಬಂದಾಗ ತೊಟ್ಟಿಲು ಮುಗಿದಿತ್ತು. ಬೀರಯ್ಯ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಡಲು ನಿಂತಿದ್ದ. ಅಬ್ಬಾ ಗೋಡೆಗೆ ಒರಗಿ ಕೂತಿದ್ದರು. ಹಣೆಯ ಮೇಲೆ ಬೆವರು, ಮುಖದ ತುಂಬ ಬೆಳಕು. ಹೊಲಿಗೆ ಎಲ್ಲೂ ಓರೆಯಾಗಿರಲಿಲ್ಲ. ಆ ನಡುಗುವ ಕೈಯಿಂದ ಹೇಗೆ ಬಂತೋ.

"ನೋಡು," ಅಂದರು ಮಗಳಿಗೆ. ಅಷ್ಟೇ ಅಂದದ್ದು.

ತಳವನ್ನು ಒಂದು ಸಲ ಅಂಗೈಯಿಂದ ಒತ್ತಿ ನೋಡಿದ್ದರೆ ಸಾಕಿತ್ತು. ಪಟ್ಟಿಯಿದ್ದರೆ ಕೈಗೆ ಏಣು ಸಿಗುತ್ತದೆ. ರಾಗಿ ಹಾಕಿ ನೇತುಹಾಕುವುದು ಆರು ತಿಂಗಳಿಂದ ಅವಳದೇ ಕೆಲಸ. ಅಬ್ಬಾಗೆ ಆ ಮೂಟೆ ಎತ್ತಲಾಗುತ್ತಿರಲಿಲ್ಲ. ಒಂದು ದಿನ ಇಲ್ಲೇ ಇರಲಿ ಚಾಚಾ, ನೇತುಹಾಕಿ ಕೊಡ್ತೀನಿ ಎಂದು ಬಾಯಿಗೆ ಬಂದಿತ್ತು. ಹಾಗಂದರೆ ಅಪ್ಪನ ಕೆಲಸವನ್ನು ಅವರ ಸ್ನೇಹಿತನೆದುರಿಗೇ ಪರೀಕ್ಷೆಗೆ ಇಟ್ಟ ಹಾಗೆ. ಆ ಮುಖ ನೋಡಿದ ಮೇಲೆ ಅವಳಿಗೆ ಆಗಲಿಲ್ಲ.

"ತುಂಬಾ ಚೆನ್ನಾಗಿದೆ ಅಬ್ಬಾ," ಅಂದಳು.

*

ಅಮ್ಮಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಫರ್ಹೀನ್ ಅವಳ ಕಿವಿಯ ಬಳಿ ಬಗ್ಗಿ ಎಲ್ಲವನ್ನೂ ಹೇಳಿದಳು. ಪಟ್ಟಿಯನ್ನು ಮಡಿಲಲ್ಲಿ ಇಟ್ಟಳು. ಸಾಬೀರಾ ಅದನ್ನು ಮುಟ್ಟಿ ನೋಡಿದಳು. ಅಚ್ಚರಿಪಡಲಿಲ್ಲ.

"ಅವತ್ತು ಮೂರು ಸಲ ಕೇಳಿದ್ರು," ಎಂದಳು. "ಸಾಬೀರಾ, ಪಟ್ಟಿ ಹಾಕಿದ್ನಾ ಅಂತ. ಊಟಕ್ಕೆ ಕೂತಾಗ ಒಂದು ಸಲ, ಎದ್ದಾಗ ಒಂದು ಸಲ. ಬೀರಯ್ಯ ಬಂದು ಹೋದ ಮೇಲೂ ಕೇಳಿದ್ರು. ನಾನು ಹಾಕಿದೀರಿ ಅಂದೆ."

"ನೋಡಿದ್ರಾ ಅಮ್ಮಿ?"

"ಇಲ್ಲ. ಪದೇ ಪದೇ ಕೇಳ್ತಾರೆ ಅಂತ ಬೇಜಾರಾಗಿತ್ತು. ಹೂಂ ಅಂದ್ರೆ ಸುಮ್ನಾಗ್ತಾರಲ್ಲ ಅಂತ ಅಂದೆ."

ಹೊರಗೆ ಯಾರೋ, ಹೆಂಗಸರು ಮುಖ ನೋಡುವುದಿದ್ದರೆ ಇನ್ನು ಹತ್ತು ನಿಮಿಷಕ್ಕೆ ಬನ್ನಿ, ಆಮೇಲೆ ಮುಚ್ಚುತ್ತೇವೆ ಎಂದು ಕೂಗಿ ಹೇಳಿದರು. ಗೋಡೆ ಗಡಿಯಾರದಲ್ಲಿ ಹನ್ನೆರಡೂ ಮುಕ್ಕಾಲು. ಒಂದು ಗಂಟೆಗೆಲ್ಲ ಬಸ್ಸು ಬರುತ್ತದೆ.

ಫರ್ಹೀನ್ ಎದ್ದಳು, ಮತ್ತೆ ಕೂತಳು. ಸಾಬೀರಾ ಪಟ್ಟಿಯನ್ನು ಅವಳ ಕೈಗೆ ತುರುಕಿ ಬೆರಳುಗಳನ್ನು ಮಡಿಚಿದಳು.

"ಮುಖ ನಾನು ನೋಡ್ತೀನಿ. ನೀನು ಹೋಗು."

ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಸಣ್ಣ ಕತ್ತರಿ, ಪಟ್ಟಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಅವಳು ಅಂಗಳಕ್ಕೆ ಬಂದಾಗ ಯಾಸಿರ್ ಅಡ್ಡ ಬಂದ. "ಹಿಂದಿನ ಬಾಗಿಲಿಂದ ಹೋಗು. ಯಾರಿಗೂ ಹೇಳ್ಬೇಡ," ಎಂದ.

ಹಿಂದಿನ ಬಾಗಿಲಿಂದ ಹೋಗಬಹುದಿತ್ತು. ಆದರೆ ಶಿವರಂಜಿನಿಯ ನಂಬರು ಅವಳಲ್ಲಿರಲಿಲ್ಲ. ಅದಿದ್ದದ್ದು ಬೀರಯ್ಯನಲ್ಲಿ.

"ಚಾಚಾ," ಎಂದಳು. ಎಲ್ಲರೂ ತಿರುಗಿದರು. "ನಿಮ್ಮ ತೊಟ್ಟಿಲಿಗೆ ತಳದ ಪಟ್ಟಿ ಹಾಕಿಲ್ಲ. ಅಬ್ಬಾಗೆ ಮರೆತುಹೋಗಿದೆ. ಶಿವರಂಜಿನಿಗೆ ಫೋನ್ ಮಾಡಿ, ಹಿಡಿ ಹಿಡಿದು ಎತ್ತಬೇಡಿ ಅಂತ ಹೇಳಿ."

ಹಿರಿಯರೊಬ್ಬರು, "ಹಿದಾಯತ್ ಭಾಯಿ ಹಾಗೆ ಮಾಡೋರಲ್ಲ," ಎಂದರು. ಯಾಸಿರ್ ಮುಖ ಬೇರೆ ಕಡೆ ತಿರುಗಿಸಿದ.

ಬೀರಯ್ಯ ಜೇಬಿನಿಂದ ಫೋನ್ ತೆಗೆದ. ಅದರಲ್ಲಿ ಫರ್ಹೀನಳ ಎರಡು ಕರೆಗಳು ಬಂದು ಕೂತಿದ್ದವು. ಮಗಳಿಗೆ ಫೋನ್ ಮಾಡಿದ. ಸ್ವಿಚ್ ಆಫ್. "ಆಸ್ಪತ್ರೇಲಿ ಚಾರ್ಜೇ ಇರ್ನಿಲ್ಲ ಅಂತಿದ್ಲು," ಎಂದ. ಆಮೇಲೆ ತಲೆಯೆತ್ತಿದ. "ನಾನ್ ತಕ್ಕಂಡೋಗುವಾಗ ನೀನು ಅಲ್ಲೇ ನಿಂತಿದ್ದಲ್ಲಮ್ಮಿ."

"ನಿಂತಿದ್ದೆ ಚಾಚಾ."

"ನೋಡ್ನಿಲ್ವಾ?"

"ನೋಡಲಿಲ್ಲ."

ಅವನು ಚಪ್ಪಲಿ ಹುಡುಕತೊಡಗಿದ. "ನಾನೂ ಬತ್ತೀನಿ, ನಡಿ."

"ನೀವು ಬಂದು ಏನು ಮಾಡ್ತೀರಿ? ಹೊಲಿಯೋಳು ನಾನು," ಎಂದಳು ಫರ್ಹೀನ್. "ನೀವು ಅಬ್ಬಾನ ಜೊತೆ ಇರಿ."

ಬೀರಯ್ಯ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದವನು ಹಾಗೇ ನಿಂತುಬಿಟ್ಟ. ಅವಳು ಅಂಗಳ ದಾಟುವಾಗ ಬಿಳಿ ಬಟ್ಟೆಯ ಕಡೆಗೆ ನೋಡಿದಳು. ಸುತ್ತ ನಿಂತವರ ಬೆನ್ನುಗಳಷ್ಟೇ ಕಂಡವು.

*

ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ದಾರಿ. ಅವಳು ಅದನ್ನು ಆರು ನಿಮಿಷದಲ್ಲಿ ನಡೆದಳು. ಚಾಮರಾಜನಗರದ ಬಸ್ಸು ಬಂದಿರಲಿಲ್ಲ. ಒಂದು ಗಂಟೆಯಾಯಿತು. ಒಂದೂ ಹತ್ತಾಯಿತು. ತೆರಕಣಾಂಬಿಯಲ್ಲಿ ಇಳಿದು ಚಹಾ ಕುಡಿಯಲು ಹೋಗಿರಬಹುದೇ, ತೊಟ್ಟಿಲನ್ನು ತೂಗುತ್ತಾ ನಿಂತಿರಬಹುದೇ, ಬಸ್ಸಿನ ಮೇಲಿನ ಕಂಬಿಗೆ ಹಿಡಿಗಳನ್ನು ಸಿಕ್ಕಿಸಿರಬಹುದೇ. ಕೆಲವು ತಾಯಂದಿರು ಹಾಗೆ ಮಾಡುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಪಟ್ಟಿ ಇದೆಯಲ್ಲ, ಏನೂ ಆಗಲ್ಲ ಎಂದು ಅವಳೇ ಎಷ್ಟೋ ಜನಕ್ಕೆ ಹೇಳಿದ್ದಳು. ಕಂಟ್ರೋಲರ್ ಕಿಟಕಿಯಲ್ಲಿ ಕೇಳಿದರೆ, "ಬತ್ತದೆ ಕೂತ್ಕಳಿ," ಎಂದರು. ಕೂರಲಾಗಲಿಲ್ಲ.

ಒಂದೂ ಇಪ್ಪತ್ತಕ್ಕೆ ಬಸ್ಸು ಬಂತು. ನಿಲ್ಲುವ ಮೊದಲೇ ಜನ ಬಾಗಿಲಿಗೆ ನುಗ್ಗಿದರು. ಫರ್ಹೀನ್ ಮೊಣಕೈಯಲ್ಲಿ ದಾರಿ ಮಾಡಿಕೊಂಡು ಮೆಟ್ಟಿಲ ಬಳಿ ನಿಂತಳು. ಮೊದಲು ಚೀಲದೊಂದಿಗೆ ಗುರುಮಲ್ಲಮ್ಮ ಇಳಿದಳು, ಬೀರಯ್ಯನ ಹೆಂಡತಿ. ಅವಳ ಹಿಂದೆ ಹಳದಿ ಬಟ್ಟೆ ಕಂಡಿತು. ಶಿವರಂಜಿನಿ ಮೇಲಿನ ಮೆಟ್ಟಿಲಲ್ಲಿ ನಿಂತು ಎರಡೂ ಹಿಡಿಗಳನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕಂಬಿ ಹಿಡಿದು ತೊಟ್ಟಿಲನ್ನು ಕೆಳಗೆ ಚಾಚುತ್ತಿದ್ದಳು. ತೊಟ್ಟಿಲು ಒಂದು ಪಕ್ಕಕ್ಕೆ ವಾಲಿತ್ತು.

"ಎತ್ಬೇಡ," ಎಂದಳು ಫರ್ಹೀನ್. ಕೂಗಿದಳೋ ಪಿಸುಗುಟ್ಟಿದಳೋ ಅವಳಿಗೇ ತಿಳಿಯಲಿಲ್ಲ. ಎರಡೂ ತೋಳನ್ನು ತಳದಡಿ ತೂರಿಸಿ ತೊಟ್ಟಿಲನ್ನು ಎದೆಗವಚಿಕೊಂಡಳು. ಹಿಂದಿನಿಂದ ಯಾರೋ ತಳ್ಳಿದರು. ಬಸ್ಸಿನ ತಗಡಿಗೆ ಭುಜ ಬಡಿಯಿತು. ಒಳಗೆ ಕೂಸು ತುಟಿ ಚೂಪು ಮಾಡಿ ಮಲಗಿತ್ತು.

ಬೆಂಚಿನ ಮೇಲೆ ಇಟ್ಟು ನೋಡಿದರೆ ಎಡಗಡೆಯ ಹಿಡಿಯ ಬುಡದಲ್ಲಿ ಹೊಲಿಗೆ ನಾಲ್ಕು ಬೆರಳಿನಷ್ಟು ಬಿಟ್ಟಿತ್ತು. ಆನೆಗಳ ನಡುವೆ ಬಿಳಿ ಸ್ಪಂಜು ಇಣುಕುತ್ತಿತ್ತು. ಉಳಿದದ್ದು ಮೂರೋ ನಾಲ್ಕೋ ಎಳೆ.

"ಒಂದ್ಕಡೆ ಇಡಿ ಉದ್ದ ಆದಂಗದೆ ಅಂತ ಆಗ್ಲಿಂದ ಅಂದ್ಕತಿದ್ದೆ ಕಣವ್ವ," ಎಂದಳು ಗುರುಮಲ್ಲಮ್ಮ. ಆಮೇಲೆ ಫರ್ಹೀನಳ ಮುಖ ನೋಡಿ, "ನೀನ್ಯಾಕವ್ವ ಇಲ್ಲಿ? ಇವತ್ತು ನಿಮ್ಮಪ್ಪನ ಮಣ್ಣಲ್ವಾ?" ಎಂದಳು.

ಫರ್ಹೀನ್ ಹೇಳಿದಳು. ಈ ಸಲ ಎಲ್ಲವನ್ನೂ ಹೇಳಿದಳು. ಅಪ್ಪ ಮರೆತದ್ದು, ಅಮ್ಮಿ ಹೂಂ ಅಂದದ್ದು, ತಾನು ಒತ್ತಿ ನೋಡದೆ ಚೆನ್ನಾಗಿದೆ ಅಂದದ್ದು. ಹೇಳುತ್ತಿರುವಾಗಲೇ ಶಿವರಂಜಿನಿ ಮಗುವನ್ನು ಬಾಚಿ ಎತ್ತಿಕೊಂಡಿದ್ದಳು.

"ಗೊತ್ತಿದ್ದೂ ನೋಡ್ದೆ ಕೊಟ್ಬುಟ್ರಾ?" ಎಂದಳು ಆ ಹುಡುಗಿ. ಇಪ್ಪತ್ತೆರಡು ವಯಸ್ಸಿರಬೇಕು. "ಮೂರ್ ಸಲ ಮೆಟ್ಲು ಅತ್ತಿ ಇಳ್ದೆ ನಾನು ಆಸ್ಪತ್ರೇಲಿ. ಮೂರ್ ಸಲ."

ಫರ್ಹೀನ್ ಚೀಲದಿಂದ ಸೂಜಿ, ದಾರ ತೆಗೆದಳು. ಬೆಂಚಿನ ಪಕ್ಕ ನೆಲದ ಮೇಲೆ ಕೂತು ತೊಟ್ಟಿಲನ್ನು ಬೋರಲು ಹಾಕಿಕೊಂಡಳು.

"ನಂಗೆ ಬ್ಯಾಡ ಅದು. ನಾನು ಎತ್ಕಂಡೇ ಓಯ್ತೀನಿ," ಎಂದಳು ಶಿವರಂಜಿನಿ.

"ಬೇಡ ಅಂದ್ರೆ ಇಲ್ಲೇ ಬಿಟ್ಟು ಹೋಗು," ಎಂದಳು ಫರ್ಹೀನ್. "ಆದ್ರೆ ನಾನು ಹೊಲೀತೀನಿ."

ತಳದ ಹೊಲಿಗೆಯನ್ನು ಕತ್ತರಿಯ ತುದಿಯಿಂದ ಬಿಚ್ಚಿದಳು. ಅಬ್ಬಾನ ಹೊಲಿಗೆ, ಒಂದೊಂದೂ ಒಂದೇ ಅಳತೆ. ಬಿಚ್ಚಲು ಕೈ ಬರಲಿಲ್ಲ, ಆದರೂ ಬಿಚ್ಚಿದಳು. ಒಳಗೆ ಪ್ಲೈವುಡ್ಡಿನ ಮೇಲೆ ಪೆನ್ಸಿಲ್ಲಿನಲ್ಲಿ ಪಟ್ಟಿ ಹಾಯಬೇಕಾದ ಜಾಗಕ್ಕೆ ಎರಡು ಗೆರೆ ಎಳೆದಿದ್ದರು, ಸ್ವಲ್ಪ ನಡುಗಿದ ಗೆರೆ. ಅಷ್ಟರ ತನಕ ನೆನಪಿತ್ತು. ಆಮೇಲೆ ಯಾರೋ ಕರೆದಿರಬೇಕು, ಅಥವಾ ಯಾರೂ ಕರೆಯದೆಯೂ ಮರೆತಿರಬೇಕು. ಫರ್ಹೀನ್ ಪಟ್ಟಿಯನ್ನು ಆ ಗೆರೆಗಳ ನಡುವೆ ಇಟ್ಟಳು.

ಸೂಜಿ ಒತ್ತಲು ಬೆರಳಿಗೆ ಹಾಕುವ ಲೋಹದ ಟೊಪ್ಪಿ ತರುವುದು ಮರೆತಿತ್ತು. ನೈಲಾನ್ ಗಟ್ಟಿ. ಸೂಜಿಯ ಹಿಂಬದಿಯನ್ನು ಅಂಗೈಯಿಂದಲೇ ಒತ್ತಬೇಕಾಯಿತು. ನಾಲ್ಕು ಕಡೆ ಹೊಲಿಯಬೇಕು, ಒಂದೊಂದು ಕಡೆ ಎರಡು ಸುತ್ತು. ಮೊದಲನೆಯದು ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಕೆಂಪು ಚುಕ್ಕೆಗಳೆದ್ದವು. ಬೇಗೂರಿನ ಬಸ್ಸೊಂದು ಬಂದು ನಿಂತು, ಕಂಡಕ್ಟರ್ ಕೂಗಿ, ಹೋಯಿತು. ಯಾರೂ ಹತ್ತಲಿಲ್ಲ. ಗುರುಮಲ್ಲಮ್ಮ ಚೀಲದ ಮೇಲೆ ಕೂತು ನೋಡುತ್ತಿದ್ದಳು. ಎರಡನೆಯ ಕಡೆಗೆ ಬರುವಾಗ ಪ್ಲೈವುಡ್ ಜಾರತೊಡಗಿತು. ಒಂದು ಕೈಯಲ್ಲಿ ಅದನ್ನು ಹಿಡಿದು ಇನ್ನೊಂದು ಕೈಯಲ್ಲಿ ಹೊಲಿಯಲು ಆಗುತ್ತಿರಲಿಲ್ಲ. ಆಗ ಮೇಲಿನಿಂದ ಇನ್ನೊಂದು ಕೈ ಬಂತು. ಶಿವರಂಜಿನಿ ಕೂಸನ್ನು ಎಡದೋಳಿನಲ್ಲಿ ಹಿಡಿದುಕೊಂಡೇ ಬಗ್ಗಿ ಹಲಗೆಯ ಮೂಲೆಯನ್ನು ಒತ್ತಿ ಹಿಡಿದಿದ್ದಳು. ಫರ್ಹೀನ್ ಹೊಲಿಗೆ ಮುಂದುವರಿಸಿದಳು.

ಮೂರು ಕಡೆ ಮುಗಿದಿತ್ತು. ನಾಲ್ಕನೆಯದರ ನಡುವೆ ಸೂಜಿ ಇದ್ದಾಗ ರಸ್ತೆಯಲ್ಲಿ ಗಾಡಿಗಳ ಸದ್ದು ನಿಂತಿತು. ಮಸೀದಿಯ ಕಡೆಯಿಂದ ಜನ ಬರುತ್ತಿದ್ದರು. ಖಬರಸ್ತಾನಕ್ಕೆ ಹೋಗುವ ದಾರಿ ನಿಲ್ದಾಣದ ಮುಂದೆಯೇ. ಹೊರಡಲಿದ್ದ ಊಟಿಯ ಬಸ್ಸು ಎಂಜಿನ್ ಆರಿಸಿತು. ಚಹಾ ಅಂಗಡಿಯವನು ಒಲೆಯ ಮುಂದಿನಿಂದ ಎದ್ದು ನಿಂತ.

"ನಿಮ್ಮಪ್ಪ ಬಂದ್ರು ಕಣವ್ವ," ಎಂದಳು ಗುರುಮಲ್ಲಮ್ಮ ಮೆಲ್ಲಗೆ.

ದಾರ ಬಿಟ್ಟರೆ ಸಡಿಲವಾಗುತ್ತದೆ. ಫರ್ಹೀನ್ ಅದನ್ನು ಬೆರಳಿಗೆ ಸುತ್ತಿ ಬಿಗಿಯಾಗಿ ಹಿಡಿದು ಕೂತಲ್ಲಿಂದಲೇ ತಲೆಯೆತ್ತಿದಳು. ಜನರ ತಲೆಗಳ ಮೇಲೆ ಹಸಿರು ಚಾದರ ಹೊದಿಸಿದ ಜನಾಜಾದ ಮಂಚ ತೇಲಿದಂತೆ ಬರುತ್ತಿತ್ತು. ಮಂಚ ಹೊರುವ ಮರದ ಕೊಂಬುಗಳಲ್ಲಿ ಮುಂದಿನ ಎಡಗಡೆಯದಕ್ಕೆ ಯಾಸಿರ್ ಹೆಗಲು ಕೊಟ್ಟಿದ್ದ. ಬಲಗಡೆ ಬೀರಯ್ಯ. ಅವನು ಕುಳ್ಳ. ಅವನ ಕಡೆಯ ಕೊಂಬು ಗೇಣುದ್ದ ಕೆಳಗಿತ್ತು, ಚಾದರ ಆ ಪಕ್ಕಕ್ಕೆ ಇಳಿಜಾರಾಗಿತ್ತು. ಬೀರಯ್ಯ ನಡೆಯುತ್ತಲೇ ತಲೆಯ ಟವೆಲ್ಲನ್ನು ಒಂದೇ ಕೈಯಲ್ಲಿ ಎಳೆದುಕೊಂಡ. ಎದೆಗೆ ಒತ್ತಿ ನಾಲ್ಕು ಮಡಿಕೆ ಮಾಡಿ, ಹೆಗಲಿಗೂ ಕೊಂಬಿಗೂ ನಡುವೆ ಸೇರಿಸಿದ. ಬಿಸಿಲಿಗೆ ಅವನ ಬೋಳುತಲೆ ಹೊಳೆಯಿತು. ಚಾದರ ಮಟ್ಟಕ್ಕೆ ಬಂತು, ಹಾಗೇ ಮುಂದೆ ಹೋಯಿತು.